ದುರ್ಯೋಧನನ ಕಿರೀಟದ ಮೇಲೆ ಆ್ಯಪ್‌ನ ಹೆಸರು: ಮಂಡ್ಯದ ಒಂದು ನಾಟಕ ವಿಡಿಯೋದ ಪ್ರಕರಣ

ಮಂಡ್ಯ ಸೀಮೆಯ ಹವ್ಯಾಸಿ ಪೌರಾಣಿಕ ನಾಟಕಗಳಲ್ಲಿ ಪಾತ್ರ ಹಾಕುವವರೇ ಹಣ ಕೊಡುತ್ತಾರೆ. ದುರ್ಯೋಧನನಿಗೆ ಹೆಚ್ಚು, ದೂತನಿಗೆ ಕಡಿಮೆ. ಸೀನರಿಯ ಬಾಡಿಗೆ, ಮೈಕ್ ಸೆಟ್, ಉಡುಪು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಎಲ್ಲವೂ ಆ ವಂತಿಗೆಯಿಂದಲೇ ಹೊರಡಬೇಕು. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಈ ಲೆಕ್ಕ ತಿಳಿಯದೆ ಮುಂದೆ ಬರುವ ಜಗಳ ಅರ್ಥವಾಗುವುದಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ವಂತಿಗೆ ಕೊಟ್ಟು, ತಿಂಗಳುಗಟ್ಟಲೆ ರಾತ್ರಿ ಕುಳಿತು ಕಂದಪದ್ಯಗಳನ್ನು ಬಾಯಿಪಾಠ ಮಾಡಿ, ಮಂಡ್ಯದ ಕಲಾಮಂದಿರದಲ್ಲಿ ದುರ್ಯೋಧನನಾಗಿ ನಿಂತವರು ಒಬ್ಬ ನಿವೃತ್ತ ಶಿಕ್ಷಕರು. ನಾಟಕದ ವಿಡಿಯೋದಲ್ಲಿ ಅವರ ಕಿರೀಟದ ಮೇಲೆ ಒಂದು ಮೊಬೈಲ್ ಆ್ಯಪ್‌ನ ಹೆಸರು ಬಿಳಿ ಅಕ್ಷರಗಳಲ್ಲಿ ಕುಳಿತಿತ್ತು.

ನಾನು ಮಂಡ್ಯದಲ್ಲಿ ವಿಡಿಯೋ ಮಿಕ್ಸಿಂಗ್ ಮಾಡುವವನು. ಮದುವೆ, ಗೃಹಪ್ರವೇಶ, ನಾಮಕರಣ, ನಡುವೆ ಆಗಾಗ ನಾಟಕ. ತಂಡದವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಊರು ಮತ್ತು ಹೆಸರು ಬೇಡವೆಂದರು. ಆದ್ದರಿಂದ ಎಲ್ಲರನ್ನೂ ಅವರವರ ಪಾತ್ರದ ಹೆಸರಿನಿಂದಲೇ ಕರೆಯುತ್ತೇನೆ.

ನಡೆದದ್ದು ಇಷ್ಟು. ಇಡೀ ನಾಟಕವನ್ನು ಬಾಡಿಗೆಗೆ ಬಂದ ವಿಡಿಯೋಗ್ರಾಫರ್ ಒಬ್ಬರು ಒಂದೇ ಕ್ಯಾಮೆರಾದಲ್ಲಿ, ಸ್ಟ್ಯಾಂಡ್ ಮೇಲಿಟ್ಟು, ಸಭಾಂಗಣದ ಮಧ್ಯದಿಂದ ಚಿತ್ರಿಸಿದ್ದರು. ಅದರ ನಕಲನ್ನು ಡಿಪ್ಲೊಮಾ ಓದುತ್ತಿದ್ದ ಅಭಿಮನ್ಯು ತನ್ನ ಫೋನಿಗೆ ಹಾಕಿಸಿಕೊಂಡ. ಅದಕ್ಕೆ ಬಣ್ಣದ ಮನೆಯಲ್ಲಿ ತಾನೇ ತೆಗೆದ ಕೆಲವು ತುಣುಕುಗಳನ್ನು ಸೇರಿಸಿ, ಒಂದು ಉಚಿತ ಎಡಿಟಿಂಗ್ ಆ್ಯಪ್‌ನಲ್ಲಿ ಸುಮಾರು ನಲವತ್ತು ನಿಮಿಷದ ಸಾರಾಂಶ ಕಟ್ಟಿದ. ಕೆಲಸ ಒಳ್ಳೆಯದಾಗಿತ್ತು. ಪದ್ಯ ಮುಗಿದು ಚಪ್ಪಾಳೆ ಏಳುವ ಗಳಿಗೆಗೆ ಸರಿಯಾಗಿ ದೃಶ್ಯ ಬದಲಿಸುವ ಕಿವಿ ಆ ಹುಡುಗನಿಗಿದೆ. ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರೂ ನೋಡಿದರು, ಹೊಗಳಿದರು. ಬಲಗಡೆಯ ಮೇಲಿನ ಮೂಲೆಯಲ್ಲಿದ್ದ ವಾಟರ್‌ಮಾರ್ಕ್ (ಆ್ಯಪ್ ತಾನಾಗಿ ಒತ್ತುವ ತನ್ನ ಹೆಸರಿನ ಗುರುತು) ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಕೆಲವು ತಿಂಗಳ ನಂತರ, ತೀರಿಕೊಂಡ ತಮ್ಮ ಹಾರ್ಮೋನಿಯಂ ಮೇಷ್ಟ್ರ ನೆನಪಿಗೆ ಊರಿನಲ್ಲಿ ಕಾರ್ಯಕ್ರಮ ಮಾಡಿ, ಎಲ್‌ಇಡಿ ಪರದೆ ತರಿಸಿ ಈ ವಿಡಿಯೋ ತೋರಿಸುವುದೆಂದು ತಂಡ ತೀರ್ಮಾನಿಸಿತು. ಪರದೆಯವನ ಗೋದಾಮಿನಲ್ಲಿ ಒಮ್ಮೆ ಹಾಕಿ ನೋಡಿದಾಗ ಸಮಸ್ಯೆ ಕಣ್ಣಿಗೆ ಬಿತ್ತು. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಆ ಲೋಗೋ ಸುಮಾರು 300 ಪಿಕ್ಸೆಲ್ ಅಗಲವಿತ್ತು. ಫೋನಿನಲ್ಲಿ ಅದು ಉಗುರಿನಷ್ಟೂ ಇಲ್ಲ. ಹನ್ನೆರಡು ಅಡಿ ಅಗಲದ ಪರದೆಯ ಮೇಲೆ ಅದೇ ಲೋಗೋ ಹೆಚ್ಚು ಕಡಿಮೆ ಎರಡು ಅಡಿ. ಕುಳಿತು ಮಾತಾಡುವ ದೃಶ್ಯಗಳಲ್ಲಿ ತೊಂದರೆ ಇರಲಿಲ್ಲ. ಆದರೆ ಸಿಂಹಾಸನ ರಂಗದ ಬಲಗಡೆಯಲ್ಲಿತ್ತು. ದುರ್ಯೋಧನ ಎದ್ದು ನಿಂತು ಪದ್ಯ ಎತ್ತಿದಾಗಲೆಲ್ಲ ಆ್ಯಪ್‌ನ ಹೆಸರು ಅವರ ಕಿರೀಟದ ಮೇಲೆ ಏರುತ್ತಿತ್ತು.

‘ನಾನು ಪಾತ್ರಕ್ಕೆ ದುಡ್ಡು ಕೊಟ್ಟಿದ್ದೇನೆ. ಈ ಕಂಪನಿಯವರು ಏನು ಕೊಟ್ಟಿದ್ದಾರೆ?’ ಎಂದು ದುರ್ಯೋಧನರು ಕೇಳಿದರಂತೆ. ಅಭಿಮನ್ಯು ಫೋನ್ ಹಿಡಿದು ನನ್ನಲ್ಲಿಗೆ ಬಂದ. ‘ಅಣ್ಣ, ಇದೊಂದನ್ನು ಅಳಿಸಿಕೊಡಿ.’

ಅಳಿಸುವ ಮೊದಲು

ವಾಟರ್‌ಮಾರ್ಕ್ ಹಿಡಿದು ಬರುವವರೆಲ್ಲರೂ ಅದನ್ನು ಚಿತ್ರದ ಮೇಲಿನ ಕಲೆ ಎಂದೇ ತಿಳಿದಿರುತ್ತಾರೆ. ಒರೆಸುವ ಬಟ್ಟೆ ನನ್ನ ಬಳಿ ಇದೆ ಎಂಬ ನಂಬಿಕೆ. ನಾನು ಮೊದಲು ಕೇಳುವುದು ಬೇರೆಯದನ್ನು: ಪ್ರಾಜೆಕ್ಟ್ ಇದೆಯೇ, ಮೂಲ ತುಣುಕುಗಳು ಇವೆಯೇ, ಈಗ ಕೈಯಲ್ಲಿರುವ ಫೈಲ್ ಎಲ್ಲಿಂದ ಬಂದದ್ದು.

ಮೂರನೆಯದರಿಂದ ಶುರು ಮಾಡಿದೆವು. ಅವನು ತೋರಿಸಿದ್ದು ವಾಟ್ಸ್‌ಆ್ಯಪ್ ಗುಂಪಿನಿಂದ ಮತ್ತೆ ಇಳಿಸಿಕೊಂಡ ವಿಡಿಯೋ. ವಾಟ್ಸ್‌ಆ್ಯಪ್ ವಿಡಿಯೋವನ್ನು ಕಳುಹಿಸುವಾಗಲೇ ಹಿಂಡಿ ಸಣ್ಣದು ಮಾಡುತ್ತದೆ. ಅಕ್ಷರಗಳ ಅಂಚು ಕದಡಿ, ಸುತ್ತ ಸಣ್ಣ ಚೌಕಗಳು ಎದ್ದಿರುತ್ತವೆ. ಆ ಮೇಲೆ ಯಾವ ಚಿಕಿತ್ಸೆ ಮಾಡಿದರೂ ಕೆಡುಕಿನ ಮೇಲೆ ಕೆಡುಕು. ಆ್ಯಪ್ ಹೊರತೆಗೆದ ಮೊದಲ ಫೈಲ್ ಫೋನಿನ ಗ್ಯಾಲರಿಯಲ್ಲೇ ಇತ್ತು. ಅದನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಲು ಹೇಳಿದೆ. ಹಾಗೆ ಕಳುಹಿಸಿದರೆ 2 ಜಿಬಿವರೆಗಿನ ಫೈಲ್ ಯಾವ ಹಿಂಡುವಿಕೆಯೂ ಇಲ್ಲದೆ ಬರುತ್ತದೆ. ಎಷ್ಟೋ ಜನರಿಗೆ ಈ ಒಂದು ಸಂಗತಿ ಗೊತ್ತಿಲ್ಲದೆ ವರ್ಷಗಟ್ಟಲೆ ಮದುವೆಯ ವಿಡಿಯೋಗಳನ್ನು ಹಾಳು ಮಾಡಿಕೊಳ್ಳುತ್ತಾರೆ.

ಇನ್ನು ಪ್ರಾಜೆಕ್ಟ್. ವಾಟರ್‌ಮಾರ್ಕ್ ಎಲ್ಲಿ, ಯಾವಾಗ ಅಂಟಿಕೊಳ್ಳುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಎಡಿಟಿಂಗ್ ನಡೆಯುವಾಗ ಮೂಲ ತುಣುಕುಗಳಿಗೆ ಏನೂ ಆಗುವುದಿಲ್ಲ. ಯಾವ ತುಣುಕು ಎಲ್ಲಿ ಶುರು, ಎಲ್ಲಿ ಕೊನೆ, ಮೇಲೆ ಯಾವ ಅಕ್ಷರ, ಕೆಳಗೆ ಯಾವ ಸಂಗೀತ ಎಂಬ ಲೆಕ್ಕವನ್ನು ಮಾತ್ರ ಆ್ಯಪ್ ಬರೆದಿಟ್ಟುಕೊಳ್ಳುತ್ತದೆ. ಎಕ್ಸ್‌ಪೋರ್ಟ್ ಒತ್ತಿದಾಗ ಆ ಲೆಕ್ಕದಂತೆ ಹೊಸ ಚಿತ್ರ ತಯಾರಾಗುತ್ತದೆ; ಲೋಗೋ ಆಗ ಬೆರೆಯುತ್ತದೆ. ಅಂದರೆ ಪ್ರಾಜೆಕ್ಟ್ ಒಳಗೆ ಚಿತ್ರ ಇನ್ನೂ ಸ್ವಚ್ಛವಾಗಿಯೇ ಇದೆ. ಕೈನ್‌ಮಾಸ್ಟರ್ ಎಂಬ ಎಡಿಟಿಂಗ್ ಆ್ಯಪ್‌ನ ಉಚಿತ ಆವೃತ್ತಿ ಬಲಗಡೆಯ ಮೇಲಿನ ಮೂಲೆಯಲ್ಲಿ ತನ್ನ ಹೆಸರು ಹಾಕುತ್ತದೆ, ಚಂದಾ ಕಟ್ಟಿದರೆ ಹಾಕುವುದಿಲ್ಲ. ಇನ್‌ಶಾಟ್‌ನಲ್ಲಿ ಕೆಳಮೂಲೆಯ ಗುರುತನ್ನು ಒಂದು ಜಾಹೀರಾತು ನೋಡಿದ ಮೇಲೆ ತೆಗೆಯುವ ಅವಕಾಶವಿದೆ. ಇದನ್ನು ಗಮನಿಸದೆ ಲೋಗೋ ಸಮೇತ ಹೊರತೆಗೆದವರನ್ನು ನಾನು ಬಹಳ ನೋಡಿದ್ದೇನೆ. ಫಿಲ್ಮೋರಾದಲ್ಲಿ ಹಣ ಕಟ್ಟಿದ ಮೇಲೆ ಹಳೆಯ ಪ್ರಾಜೆಕ್ಟ್ ತೆರೆದು ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿದರಾಯಿತು. ಕಂಪ್ಯೂಟರಿನಲ್ಲಿ ಬಳಸುವ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಲೋಗೋ ಇಲ್ಲವೇ ಇಲ್ಲ, ಆದರೆ ಹಣದ ಆವೃತ್ತಿಗೆ ಮೀಸಲಾದ ಒಂದು ಎಫೆಕ್ಟ್ ಬಳಸಿದರೆ ಸಾಕು, ಚಿತ್ರದ ಮೇಲೆ ಗುರುತು ಬಂದು ಬೀಳುತ್ತದೆ; ಆ ಎಫೆಕ್ಟ್ ತೆಗೆದರೆ ಹೋಗುತ್ತದೆ. ಇನ್ನು ಕೆಲವು ಆ್ಯಪ್‌ಗಳು ಚಿತ್ರವನ್ನು ಮುಟ್ಟದೆ ಕೊನೆಯಲ್ಲಿ ತಮ್ಮ ಹೆಸರಿನ ಸಣ್ಣ ತುಣುಕು ಜೋಡಿಸುತ್ತವೆ. ಟೈಮ್‌ಲೈನ್‌ನ (ತುಣುಕುಗಳನ್ನು ಸಾಲಾಗಿ ಜೋಡಿಸಿದ ಪಟ್ಟಿಯ) ತುದಿಗೆ ಹೋಗಿ ಅದನ್ನು ಅಳಿಸಿದರೆ ಕಥೆ ಮುಗಿಯಿತು.

ಅಭಿಮನ್ಯು ಬಳಸಿದ ಆ್ಯಪ್‌ನಲ್ಲಿ ಒಂದು ತಿಂಗಳ ಚಂದಾ ಕಟ್ಟಿದರೆ ಸಾಕಿತ್ತು. ಒಂದು ನಾಟಕದ ಒಂದು ಹಾರದ ಬೆಲೆಯೂ ಅಲ್ಲ. ಅವನು ನನ್ನೆದುರೇ ಪ್ರಾಜೆಕ್ಟ್ ತೆರೆದ. ಟೈಮ್‌ಲೈನ್ ಬಂತು, ಅಕ್ಷರಗಳು ಬಂದವು, ಹಿನ್ನೆಲೆ ಸಂಗೀತ ಬಂತು. ಚಿತ್ರವಿರಬೇಕಾದ ಕಡೆಯಲ್ಲೆಲ್ಲ ಬೂದು ಚೌಕಗಳು. ಫೋನಿನಲ್ಲಿ ಜಾಗ ಸಾಲದೆ, ‘ವಿಡಿಯೋ ರೆಡಿಯಾಯಿತಲ್ಲ’ ಎಂದುಕೊಂಡು ಮೂಲ ತುಣುಕುಗಳನ್ನು ಅವನು ಅಳಿಸಿಬಿಟ್ಟಿದ್ದ. ಪ್ರಾಜೆಕ್ಟ್ ಒಳಗೆ ಇದ್ದದ್ದು ಲೆಕ್ಕ ಮಾತ್ರ, ಸರಕು ಇರಲಿಲ್ಲ. ಗೂಗಲ್ ಫೋಟೋಸ್‌ನ ಕಸದ ಬುಟ್ಟಿ ನೋಡಿದೆವು. ಬ್ಯಾಕಪ್ ಆದದ್ದು ಅಲ್ಲಿ 60 ದಿನ ಉಳಿಯುತ್ತದೆ. ಆ ಗಡುವು ಯಾವಾಗಲೋ ದಾಟಿತ್ತು.

ಗೆಳೆಯರು ತೋರಿಸಿದ ದಾರಿಗಳು

ಇಷ್ಟರಲ್ಲಿ ತಂಡದ ಗುಂಪಿನಲ್ಲಿ ಸಲಹೆಗಳ ಮಳೆ. ಭೀಮ ಕಳುಹಿಸಿದ್ದು ಅದೇ ಆ್ಯಪ್‌ನ ‘ಮಾಡ್’ ಮಾಡಿದ, ಅಂದರೆ ಬೇರೆಯವರು ತಿದ್ದಿದ ಎಪಿಕೆ (ಆಂಡ್ರಾಯ್ಡ್ ಆ್ಯಪ್) ಫೈಲ್. ಚಂದಾ ಇಲ್ಲದೆ ಎಲ್ಲ ಸೌಲಭ್ಯ ತೆರೆದಿರುತ್ತದಂತೆ. ಇದರಲ್ಲಿ ಕಳ್ಳತನದ ಪ್ರಶ್ನೆ ಹಾಗಿರಲಿ, ಬುದ್ಧಿವಂತಿಕೆಯ ಪ್ರಶ್ನೆಯೂ ಇದೆ. ಯಾರೋ ಬಿಚ್ಚಿ ಮತ್ತೆ ಕಟ್ಟಿದ ಪ್ರೋಗ್ರಾಂ ಅನ್ನು ಪ್ಲೇ ಸ್ಟೋರ್‌ನ ಹೊರಗಿನಿಂದ ತಂದು, ಬ್ಯಾಂಕಿನ ಒಟಿಪಿ ಬರುವ ಫೋನಿಗೆ ಹಾಕಿ, ಗ್ಯಾಲರಿ, ಮೈಕು, ಫೈಲ್‌ಗಳ ಅನುಮತಿಯನ್ನು ನಾವೇ ಒತ್ತಿ ಕೊಡುವುದು. ಮೇಲಾಗಿ ಈ ಪ್ರಕರಣದಲ್ಲಿ ಅದರಿಂದ ಉಪಯೋಗವೂ ಇರಲಿಲ್ಲ. ತುಣುಕುಗಳೇ ಇಲ್ಲದ ಮೇಲೆ ಆ್ಯಪ್ ಅಸಲಿಯಾದರೇನು, ನಕಲಿಯಾದರೇನು?

ಶಕುನಿಯ ಪಾತ್ರದವರು ಒಂದು ಜಾಲತಾಣ ತೋರಿಸಿದರು. ಅಲ್ಲಿ ವಿಡಿಯೋ ಏರಿಸಿ, ಲೋಗೋ ಇರುವ ಜಾಗಕ್ಕೆ ಚೌಕ ಎಳೆದರೆ ಅದು ಮಾಯವಾಗುತ್ತದೆ. ಪರೀಕ್ಷೆಗೆ ಒಂದು ಸಣ್ಣ ತುಣುಕು ಹಾಕಿದೆವು. ಆ್ಯಪ್‌ನ ಹೆಸರು ಹೋಯಿತು, ಅದರ ಜಾಗದಲ್ಲಿ ಮಬ್ಬು ಬಂತು, ಕೆಳಗಡೆ ಆ ಜಾಲತಾಣದ್ದೇ ಹೊಸ ಲೋಗೋ ಬಂದು ಕುಳಿತಿತ್ತು. ಶಕುನಿಯೇ ನಕ್ಕುಬಿಟ್ಟರು.

ಕತ್ತರಿಸುವುದು ಮೂರನೆಯ ದಾರಿ. ಇದು ಕೆಟ್ಟ ಉಪಾಯವೇನಲ್ಲ; ಲೆಕ್ಕ ಹಾಕಿ ಮಾಡಬೇಕು. ಇಲ್ಲಿ ಲೋಗೋದ ಕೆಳಗಿನ ಅಂಚು ಚಿತ್ರದ ಮೇಲ್ತುದಿಯಿಂದ ಸುಮಾರು 110 ಗೆರೆಗಳ ಕೆಳಗಿತ್ತು. ಚಿತ್ರದ ಎತ್ತರವಾದ 1080 ಗೆರೆಗಳಲ್ಲಿ ಅಷ್ಟನ್ನು ಕಳೆದರೆ ಉಳಿಯುವುದು 970. ಪರದೆಯ ಆಕಾರ, ಅಂದರೆ ಅಗಲ ಮತ್ತು ಎತ್ತರದ ಪ್ರಮಾಣ, 16:9 ಆಗಿಯೇ ಇರಬೇಕಾದರೆ ಅಗಲವೂ 1724ಕ್ಕೆ ಇಳಿಯಬೇಕು. ಹೀಗೆ ಚಿತ್ರದ ಐದನೆಯ ಒಂದು ಭಾಗ ಹೋಗುತ್ತದೆ, ಉಳಿದದ್ದನ್ನು ಹಿಗ್ಗಿಸಿದಾಗ ಅಂಚುಗಳು ಸ್ವಲ್ಪ ಮೆತ್ತಗಾಗುತ್ತವೆ. ಊಟದ ಪಂಕ್ತಿಯ ವಿಡಿಯೋ ಆಗಿದ್ದರೆ ಕಣ್ಣು ಮುಚ್ಚಿ ಮಾಡುತ್ತಿದ್ದೆ. ಪೌರಾಣಿಕ ನಾಟಕದಲ್ಲಿ ಚಿತ್ರದ ಮೇಲ್ಭಾಗದಲ್ಲಿ ಇರುವುದೇ ಕಿರೀಟ. ಲೋಗೋ ಹೋಗಬೇಕೆಂದು ಹಟ ಹಿಡಿದ ದುರ್ಯೋಧನರಿಗೆ ಕಿರೀಟದ ತುದಿ ಕತ್ತರಿಸಿದ ಚಿತ್ರ ತೋರಿಸಿದೆ. ಅವರು ಏನೂ ಹೇಳದೆ ಕನ್ನಡಕ ತೆಗೆದು ಜೇಬಿಗೆ ಇಟ್ಟುಕೊಂಡರು. ಆ ದಾರಿ ಅಲ್ಲಿಗೆ ಮುಚ್ಚಿತು.

ಇನ್ನು ಅಳಿಸುವ ವಿಧಾನಗಳು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಲ್ಲಿ ಡಿಲೋಗೋ ಎಂಬ ಫಿಲ್ಟರ್ ಇದೆ. ಲೋಗೋ ಎಲ್ಲಿದೆ, ಎಷ್ಟು ಅಗಲ, ಎಷ್ಟು ಎತ್ತರ ಎಂದು ಹೇಳಿದರೆ, ಆ ಚೌಕದ ಸುತ್ತಲಿನ ಪಿಕ್ಸೆಲ್‌ಗಳ ಬಣ್ಣವನ್ನು ಒಳಕ್ಕೆ ಹರಡಿ ತುಂಬುತ್ತದೆ. ಅರಮನೆಯ ಸೀನರಿಯಲ್ಲಿ ಬರೀ ಆಕಾಶ ಬರೆದಿರುವ ಕಡೆ ಇದು ಚೆನ್ನಾಗಿಯೇ ಕೆಲಸ ಮಾಡಿತು, ಹುಡುಕಿದರೂ ಗೊತ್ತಾಗುವುದಿಲ್ಲ. ಕಂಬಗಳಿರುವ ಕಡೆ ಕಂಬ ಕರಗಿತು. ದುರ್ಯೋಧನ ಬಂದು ನಿಂತ ತಕ್ಷಣ ಕಿರೀಟದ ಮಣಿ, ಮಿಂಚು ಎಲ್ಲ ಕದಡಿ ಚಿನ್ನದ ಬಣ್ಣದ ಹೊಗೆಯಾಯಿತು. ಅವರು ತಲೆ ಆಡಿಸಿದಂತೆ ಆ ಹೊಗೆಯೂ ಮಿಣುಕುತ್ತಿತ್ತು. ಲೋಗೋ ಇದ್ದಾಗ ಜನ ಪಾತ್ರವನ್ನು ನೋಡುತ್ತಿದ್ದರು. ಈಗ ಎಲ್ಲರ ಕಣ್ಣೂ ಆ ಮೂಲೆಗೇ ಹೋಗುತ್ತದೆ.

ಇದಕ್ಕಿಂತ ಜಾಣ ವಿಧಾನಗಳು ಇವೆ. ಚಿತ್ರದ ಹರಿದ ಭಾಗವನ್ನು ಸುತ್ತಲಿನ ಗೆರೆಗಳನ್ನು ಮುಂದುವರಿಸಿ ತುಂಬುವ ಗಣಿತವನ್ನು ಬರ್ಟಾಲ್ಮಿಯೋ ಎಂಬ ಸಂಶೋಧಕ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ್ದರು. 2019ರಲ್ಲಿ ಅಡೋಬಿ ಆಫ್ಟರ್ ಎಫೆಕ್ಟ್ಸ್ ಎಂಬ ವಿಡಿಯೋ ಸಾಫ್ಟ್‌ವೇರ್‌ಗೆ ವಿಡಿಯೋದಲ್ಲೂ ಹಾಗೆ ತುಂಬುವ ಸೌಲಭ್ಯ ಬಂತು. ಅದು ಅಕ್ಕಪಕ್ಕದ ಫ್ರೇಮ್‌ಗಳನ್ನು (ವಿಡಿಯೋದ ಬಿಡಿ ಚಿತ್ರಗಳನ್ನು) ಹುಡುಕುತ್ತದೆ: ಈ ಫ್ರೇಮ್‌ನಲ್ಲಿ ಮರೆಯಾದ ಗೋಡೆ ಕ್ಯಾಮೆರಾ ಸರಿದಾಗ ಇನ್ನೊಂದು ಫ್ರೇಮ್‌ನಲ್ಲಿ ಕಂಡಿದ್ದರೆ, ಅಲ್ಲಿಂದ ತಂದು ಇಲ್ಲಿ ಹಚ್ಚುತ್ತದೆ. ನಮ್ಮ ಕ್ಯಾಮೆರಾ ಸರಿಯಲೇ ಇಲ್ಲ. ಸ್ಟ್ಯಾಂಡ್ ಮೇಲೆ ಕಲ್ಲಿನಂತೆ ಕುಳಿತಿತ್ತು. ಲೋಗೋವೂ ಸರಿಯಲಿಲ್ಲ. ಹೀಗಾಗಿ ಆ ಮೂಲೆಯಲ್ಲಿ ಮುಚ್ಚಿಹೋದದ್ದು ಇಡೀ ವಿಡಿಯೋದಲ್ಲಿ ಎಲ್ಲಿಯೂ ಇಲ್ಲ. ಈಚಿನ ಕೃತಕ ಬುದ್ಧಿಮತ್ತೆಯ ಸಾಧನಗಳು ಇಲ್ಲದ್ದನ್ನು ಊಹಿಸಿ ಬರೆಯುತ್ತವೆ. ಊಹೆ ಎಂದಮೇಲೆ ಅದು ಈ ಕಿರೀಟವಲ್ಲ, ಇನ್ಯಾವುದೋ ಕಿರೀಟ. ಈ ಉಡುಪು ಬಾಡಿಗೆಗೆ ಕೊಟ್ಟವರು ಗುರುತು ಹಿಡಿಯುತ್ತಾರೆ ಎಂದು ನಾನು ಹೇಳಿದ್ದು ತಮಾಷೆಗಲ್ಲ.

‘ಲೋಗೋ ಪೂರ್ತಿ ಬಿಳಿ ಅಲ್ಲ, ಹಿಂದಿನದು ಸ್ವಲ್ಪ ಕಾಣುತ್ತದಲ್ಲ ಅಣ್ಣ’ ಎಂದ ಅಭಿಮನ್ಯು. ಪ್ರಶ್ನೆ ಚೂಪಾಗಿತ್ತು. ಅರೆಪಾರದರ್ಶಕ ಲೋಗೋ ಎಂದರೆ ಪ್ರತಿ ಪಿಕ್ಸೆಲ್‌ನಲ್ಲೂ ಲೋಗೋದ ಬಣ್ಣ ಇಷ್ಟು ಪಾಲು, ಚಿತ್ರದ ಬಣ್ಣ ಇಷ್ಟು ಪಾಲು. ಪಾಲು ಗೊತ್ತಾದರೆ ಕಳೆದು ಚಿತ್ರವನ್ನು ಮರಳಿ ಪಡೆಯಬಹುದು. 2017ರಲ್ಲಿ ಗೂಗಲ್‌ನ ಸಂಶೋಧಕರು ಇದೇ ತತ್ವದ ಮೇಲೆ, ಸಾವಿರಾರು ಫೋಟೋಗಳ ಮೇಲೆ ಒಂದೇ ರೀತಿ ಒತ್ತಿದ ಗುರುತನ್ನು ಲೆಕ್ಕ ಹಾಕಿ ತೆಗೆಯಬಹುದೆಂದು ತೋರಿಸಿದರು. ಫೋಟೋ ಮಾರುವ ಸಂಸ್ಥೆಗಳಿಗೆ ಎಚ್ಚರಿಕೆ ಕೊಡುವುದು ಅವರ ಉದ್ದೇಶವಾಗಿತ್ತು. ಆದರೆ ನಮ್ಮ ಲೆಕ್ಕ ನೋಡಿ. ಬಿಳಿ 60 ಪಾಲು, ಚಿತ್ರ 40 ಪಾಲು ಎಂದಿಟ್ಟುಕೊಂಡರೆ, ಚಿತ್ರದಲ್ಲಿ 0ಯಿಂದ 255ರವರೆಗೆ ಇದ್ದ ಬೆಳಕಿನ ಮಟ್ಟಗಳು ಬೆರಕೆಯಾದ ಮೇಲೆ 153ರಿಂದ 255ರ ನಡುವೆ ಹಿಡಿಸಬೇಕು. ಅಂದರೆ ನೂರು ಚಿಲ್ಲರೆ ಮಟ್ಟಗಳು. ಎರಡು ಮೂರು ಮಟ್ಟಗಳು ಒಂದರೊಳಗೊಂದು ಸೇರಿಹೋದವು. ಅದರ ಮೇಲೆ ಎಕ್ಸ್‌ಪೋರ್ಟ್‌ನ ಹಿಂಡುವಿಕೆ. ಮರಳಿ ಹಿಗ್ಗಿಸಿದಾಗ ತಪ್ಪೂ ಎರಡೂವರೆ ಪಟ್ಟು ಹಿಗ್ಗುತ್ತದೆ. ಪ್ರಯೋಗ ಮಾಡಿ ತೋರಿಸಿದೆ: ಅಕ್ಷರಗಳು ಹೋದವು, ಅಕ್ಷರಗಳ ಆಕಾರದಲ್ಲಿ ಮರಳು ಉಳಿಯಿತು.

ವಿಡಿಯೋಗ್ರಾಫರ್ ಬಳಿ ಇದ್ದದ್ದು

ಇಷ್ಟು ಹೊತ್ತೂ ಯಾರೂ ಕೇಳದ ಒಂದು ಪ್ರಶ್ನೆ ಇತ್ತು. ಅಭಿಮನ್ಯುವಿನ ಫೋನಿನಲ್ಲಿದ್ದದ್ದು ನಕಲು. ಮೂಲ ಎಲ್ಲಿ?

ವಿಡಿಯೋಗ್ರಾಫರ್‌ಗೆ ಕರೆ ಮಾಡಲು ತಂಡಕ್ಕೆ ಮುಜುಗರ. ಬಾಕಿ ಹಣ ಕೊಟ್ಟಿರಲಿಲ್ಲ. ಈ ಕಸುಬಿನಲ್ಲಿ ಇದೊಂದು ಹಳೆಯ ಗಂಟು: ಬಾಕಿ ಬರುವವರೆಗೆ ಅವರು ಮೂಲವನ್ನು ಅಳಿಸುವುದಿಲ್ಲ, ಬಾಕಿ ಬಂದ ಮೇಲೆ ಅದನ್ನು ಇಟ್ಟುಕೊಳ್ಳುವ ಅಗತ್ಯ ಅವರಿಗಿಲ್ಲ. ತಂಡದವರು ಹಣ ಉಳಿಸಿಕೊಂಡದ್ದೇ ವಿಡಿಯೋವನ್ನು ಕಾಪಾಡಿತು ಎಂದರೆ ತಪ್ಪಾಗಲಾರದು. ಇದನ್ನು ಪದ್ಧತಿಯಾಗಿ ಮಾಡಿಕೊಳ್ಳಿ ಎಂದು ಮಾತ್ರ ನಾನು ಹೇಳಲಾರೆ. ಕೃಷ್ಣನ ಪಾತ್ರದವರು ಹೋಗಿ ಮಾತಾಡಿದರು (ಸಂಧಾನ ಅವರ ಇಲಾಖೆ), ಬಾಕಿ ತೀರಿಸಿದರು, ಹಾರ್ಡ್ ಡಿಸ್ಕ್ ತಂದರು.

ಆ ಕ್ಯಾಮೆರಾ ಉದ್ದನೆಯ ರೆಕಾರ್ಡಿಂಗ್ ಅನ್ನು ತುಂಡು ತುಂಡು ಎಂಟಿಎಸ್ ಫೈಲ್‌ಗಳಾಗಿ ಬರೆಯುವ ಮಾದರಿಯದು. ತುಂಡುಗಳನ್ನು ಬಿಡಿಬಿಡಿಯಾಗಿ ಬದಲಾಯಿಸಿ ಜೋಡಿಸಿದರೆ ಸೇರುವ ಕಡೆ ಧ್ವನಿ ಒಂದು ಕ್ಷಣ ಕಟ್ ಆಗುತ್ತದೆ. ಮಾತಿನ ದೃಶ್ಯದಲ್ಲಿ ಅದು ಗೊತ್ತಾಗದು. ಕಂದಪದ್ಯದ ಆಲಾಪದ ನಡುವೆ ಬಿದ್ದರೆ ಹಾರ್ಮೋನಿಯಂ ಬಿಕ್ಕಿದಂತೆ ಕೇಳುತ್ತದೆ. ಪುಣ್ಯಕ್ಕೆ ವಿಡಿಯೋಗ್ರಾಫರ್ ಅಚ್ಚುಕಟ್ಟಿನ ಮನುಷ್ಯ. ಮೆಮೊರಿ ಕಾರ್ಡಿನ ಫೋಲ್ಡರ್ ಅನ್ನು ಇದ್ದ ಹಾಗೆಯೇ ಪೂರ್ತಿ ನಕಲು ಮಾಡಿಟ್ಟಿದ್ದರು. ಹಾಗಿದ್ದಾಗ ಆ ಫೋಲ್ಡರ್ ಅನ್ನು ಗುರುತಿಸಬಲ್ಲ ಸಾಫ್ಟ್‌ವೇರ್ ತುಂಡುಗಳನ್ನು ತಾನೇ ಸರಿಯಾಗಿ ಹೊಲಿದುಕೊಳ್ಳುತ್ತದೆ.

ಈಗ ಕೆಲಸದ ಸ್ವರೂಪವೇ ಬದಲಾಯಿತು. ಅಳಿಸುವುದೇನೂ ಇಲ್ಲ. ಲೋಗೋ ಇರುವ ವಿಡಿಯೋವನ್ನು ಮಾದರಿಯಾಗಿ ಇಟ್ಟುಕೊಂಡು, ಅದೇ ಎಡಿಟ್ ಅನ್ನು ಸ್ವಚ್ಛವಾದ ಮೂಲದಿಂದ ಮತ್ತೆ ಕಟ್ಟಬೇಕು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಕೆಳಗಿನ ಸಾಲಿನಲ್ಲಿ ಅಭಿಮನ್ಯುವಿನ ವಿಡಿಯೋ, ಮೇಲಿನ ಸಾಲಿನಲ್ಲಿ ಕ್ಯಾಮೆರಾದ ಮೂಲ. ಧ್ವನಿಯ ಅಲೆಗಳನ್ನು ನೋಡಿ ಎರಡನ್ನೂ ಹೊಂದಿಸಿದೆ. ಡೋಲಕ್ಕಿನ ಪೆಟ್ಟು ಇಂತಹ ಕೆಲಸಕ್ಕೆ ಹೇಳಿಮಾಡಿಸಿದ ಗುರುತು, ಅಲೆಯಲ್ಲಿ ಮೊಳೆ ಹೊಡೆದಂತೆ ಕಾಣುತ್ತದೆ. ಹೊಂದಿಕೆ ನಿಖರವಾಗಿದೆಯೇ ಎಂದು ನೋಡಲು ಮೇಲಿನ ಚಿತ್ರವನ್ನು ‘ಡಿಫರೆನ್ಸ್’ ಎಂಬ ಬೆರಕೆ ಕ್ರಮಕ್ಕೆ ಹಾಕಬೇಕು. ಆಗ ಪರದೆಯ ಮೇಲೆ ಎರಡು ಚಿತ್ರಗಳ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಒಂದು ಫ್ರೇಮ್ ಹೆಚ್ಚು ಕಡಿಮೆಯಾದರೂ ಪಾತ್ರಧಾರಿಗಳ ಅಂಚುಗಳು ದೆವ್ವದಂತೆ ಬೆಳಗುತ್ತವೆ. ಸರಿಯಾಗಿ ಕೂತಾಗ ಇಡೀ ಪರದೆ ಕಪ್ಪು, ಮೂಲೆಯಲ್ಲಿ ಆ್ಯಪ್‌ನ ಹೆಸರು ಮಾತ್ರ ಹೊಳೆಯುತ್ತದೆ. ಎಲ್ಲರೂ ಬಯ್ಯುತ್ತಿದ್ದ ಆ ಲೋಗೋ ಈಗ ನನಗೆ ಸರಿದಾರಿ ತೋರಿಸುವ ದೀಪ. ಅಭಿಮನ್ಯು ಇದನ್ನು ನೋಡಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತ. ಮುಂದಿನ ಕಟ್‌ಗಳನ್ನು ಬಹುಪಾಲು ಅವನೇ ಹೊಂದಿಸಿದ.

ಒಂದು ತೊಡಕು ಬಂತು. ಕ್ಯಾಮೆರಾ ಚಿತ್ರಿಸಿದ್ದು ಸೆಕೆಂಡಿಗೆ 25 ಫ್ರೇಮ್, ಆ್ಯಪ್ ಹೊರತೆಗೆದದ್ದು 30. ಐದು ಫ್ರೇಮ್‌ಗಳ ಜಾಗದಲ್ಲಿ ಆರು ಬೇಕಾದ್ದರಿಂದ ಆ್ಯಪ್ ಪ್ರತಿ ಬಾರಿ ಒಂದನ್ನು ಎರಡು ಸಲ ತೋರಿಸಿತ್ತು. ಹಾಗಾಗಿ ಡಿಫರೆನ್ಸ್‌ನಲ್ಲಿ ಪರದೆ ನಿರಂತರವಾಗಿ ಕಪ್ಪಾಗಿ ಉಳಿಯದೆ ಒಂದೇ ಲಯದಲ್ಲಿ ಮಿನುಗುತ್ತಿತ್ತು. ಕಾರಣ ಗೊತ್ತಾದ ಮೇಲೆ ಆ ಮಿನುಗನ್ನು ಬದಿಗಿಟ್ಟು ಕಟ್ ಬೀಳುವ ಜಾಗವನ್ನಷ್ಟೇ ನೋಡಿದೆವು. ಹೊಸ ಎಡಿಟ್ ಅನ್ನು 25ರಲ್ಲೇ ಇಟ್ಟೆ. ಭೀಮ ಗದೆ ತಿರುಗಿಸುವ ದೃಶ್ಯ ಮೊದಲಿನ ವಿಡಿಯೋದಲ್ಲಿ ಕುಲುಕುತ್ತಿದ್ದುದಕ್ಕೆ ಕಾರಣ ಇದೇ ಎಂದು ಆಗ ತಿಳಿಯಿತು; ಈಗ ಗದೆ ಸರಾಗವಾಗಿ ತಿರುಗಿತು. ಲೋಗೋ ತೆಗೆಯಲು ಬಂದವರಿಗೆ ಇದು ಕೇಳದೆ ಸಿಕ್ಕಿದ ಲಾಭ.

ಉಳಿದ ತುಣುಕುಗಳು

ಬಣ್ಣದ ಮನೆಯಲ್ಲಿ ಫೋನಿನಿಂದ ತೆಗೆದವಕ್ಕೆ ಬೇರೆ ಮೂಲವಿರಲಿಲ್ಲ. ಅವು ಬದುಕಿರುವುದು ಲೋಗೋ ಬಿದ್ದ ವಿಡಿಯೋದೊಳಗೆ ಮಾತ್ರ. ಮೂರು ತುಣುಕು, ಮೂರಕ್ಕೂ ಬೇರೆ ಬೇರೆ ತೀರ್ಮಾನ. ದ್ರೌಪದಿಗೆ ಅರ್ದಳ (ಮುಖದ ಬಣ್ಣ) ಹಚ್ಚುವ ದೃಶ್ಯದಲ್ಲಿ ಮುಖ ಎಡಗಡೆ ಇತ್ತು, ಮೇಲೆ ಖಾಲಿ ಗೋಡೆ. ಕತ್ತರಿಸಿದೆವು, ಚಿತ್ರ ಮೊದಲಿಗಿಂತ ಚೆನ್ನಾಯಿತು. ಎಲ್ಲರೂ ಸಾಲಾಗಿ ನಿಂತ ದೃಶ್ಯಕ್ಕೆ ಮೇಲ್ಭಾಗದಲ್ಲಿ ತಂಡದ ಹೆಸರು ಮತ್ತು ನಾಟಕದ ದಿನಾಂಕದ ಪಟ್ಟಿ ಹಾಕಿದೆವು. ಲೋಗೋ ಅದರಡಿ ಹೋಯಿತು, ಪಟ್ಟಿಯೂ ಅಲ್ಲಿ ಅಗತ್ಯವಾಗಿಯೇ ಇತ್ತು. ಮೂರನೆಯದು ಹಾರ್ಮೋನಿಯಂ ಮೇಷ್ಟ್ರು ದುರ್ಯೋಧನನ ಕಿವಿಯಲ್ಲಿ ಪದ್ಯದ ಎತ್ತುಗಡೆ ಹೇಳಿಕೊಡುವ ಅರ್ಧ ನಿಮಿಷ. ಅವರ ಕೊನೆಯ ಚಿತ್ರ ಅದು. ಲೋಗೋ ಅವರ ಪೇಟದ ಅಂಚಿಗೆ ತಾಗಿತ್ತು. ಕತ್ತರಿಸಿದರೆ ಪೇಟ ಹೋಗುತ್ತದೆ, ಡಿಲೋಗೋ ಹಾಕಿದರೆ ಪೇಟ ಕದಡುತ್ತದೆ, ಊಹಿಸುವ ಸಾಧನಕ್ಕೆ ಕೊಟ್ಟರೆ ಅದು ಇನ್ಯಾರದೋ ಪೇಟ. ಇದನ್ನು ಮುಟ್ಟುವುದು ಬೇಡ ಎಂದೆ. ದುರ್ಯೋಧನರು ಕೂಡಲೇ ಒಪ್ಪಿದರು. ತಮ್ಮ ಕಿರೀಟದ ವಿಷಯದಲ್ಲಿ ತೋರಿಸಿದ ಹಟವನ್ನು ಗುರುಗಳ ಪೇಟದ ವಿಷಯದಲ್ಲಿ ಅವರು ತೋರಿಸಲಿಲ್ಲ.

ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುವಾಗ ಅಭಿಮನ್ಯು ಇನ್ನೊಂದು ತುಣುಕು ತೆಗೆದ. ಹಾರ್ಮೋನಿಯಂ ಮೇಷ್ಟ್ರು ಹಿಂದೊಮ್ಮೆ ಒಂದು ಯೂಟ್ಯೂಬ್ ಚಾನೆಲ್‌ಗೆ ಹಾಡಿ, ಮಾತಾಡಿದ್ದರಂತೆ. ಅದರಿಂದ ಎರಡು ನಿಮಿಷ ಇಳಿಸಿಕೊಂಡಿದ್ದ. ಮೂಲೆಯಲ್ಲಿ ಆ ಚಾನೆಲ್‌ನ ಲೋಗೋ. ‘ಇದರ ಹಿಂದೆ ಬರೀ ಗೋಡೆ ಇದೆ ಅಣ್ಣ, ಡಿಲೋಗೋ ಚೆನ್ನಾಗಿ ಕೂರುತ್ತದೆ.’

ತಾಂತ್ರಿಕವಾಗಿ ಅವನ ಮಾತು ಸರಿ. ಈ ಇಡೀ ಕೆಲಸದಲ್ಲಿ ಅತಿ ಸುಲಭವಾಗಿ ಅಳಿಸಬಹುದಾಗಿದ್ದ ಲೋಗೋ ಅದೇ. ನಾನು ಆಗುವುದಿಲ್ಲ ಎಂದೆ. ಆ್ಯಪ್‌ನ ಹೆಸರು ಇದ್ದದ್ದು ತಂಡದ ಸ್ವಂತ ವಿಡಿಯೋದ ಮೇಲೆ; ಅದು ಉಚಿತ ಬಳಕೆಗೆ ಕಂಪನಿ ಇಟ್ಟ ಷರತ್ತು, ಚಂದಾ ಕಟ್ಟಿದರೆ ಅಥವಾ ಬೇರೆ ಸಾಧನದಲ್ಲಿ ಮತ್ತೆ ಕಟ್ಟಿದರೆ ಆ ಷರತ್ತು ಮುಗಿಯುತ್ತದೆ. ಚಾನೆಲ್‌ನ ಲೋಗೋ ಹೇಳುವುದು ಚಿತ್ರಿಸಿದವರು ನಾವು ಎಂದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಬಿ ಎಂಬ ಕಲಂ ಸೇರಿದೆ: ಕೃತಿಯ ಹಕ್ಕುದಾರರನ್ನು ಗುರುತಿಸುವ ಮಾಹಿತಿಯನ್ನು, ಗೊತ್ತಿದ್ದೂ, ಅಧಿಕಾರವಿಲ್ಲದೆ ತೆಗೆದುಹಾಕಿದರೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಮೂಲೆಯ ಲೋಗೋ ಆ ವ್ಯಾಖ್ಯೆಯೊಳಗೆ ಎಷ್ಟು ಬರುತ್ತದೆ ಎಂಬುದನ್ನು ವಕೀಲರು ವಾದಿಸಲಿ. ನನ್ನ ಅಂಗಡಿಯಲ್ಲಿ ಅದು ವಾದದ ವಿಷಯವಲ್ಲ. ನಾನು ತೆಗೆದ ಮದುವೆ ವಿಡಿಯೋದ ಮೂಲೆಯಲ್ಲಿಯೂ ನನ್ನ ಹೆಸರು ಇರುತ್ತದೆ.

ಕೃಷ್ಣ ಮತ್ತೆ ಸಂಧಾನಕ್ಕೆ ಹೊರಟರು. ಚಾನೆಲ್‌ನವರು ಮೇಷ್ಟ್ರ ಕಾರ್ಯಕ್ರಮ ಎಂದ ಮೇಲೆ ಬೇಡವೆನ್ನಲಿಲ್ಲ. ಲೋಗೋ ಇಲ್ಲದ ಮೂಲವನ್ನೇ ಕೊಡುತ್ತೇವೆ, ಕೊನೆಯಲ್ಲಿ ಕೃತಜ್ಞತೆ ಹಾಕಿ ಎಂದರು. ಫೈಲ್ ಬಂತು. ತಂಡದವರು ಕೃತಜ್ಞತೆಯ ಜೊತೆಗೆ ಆ ಎರಡು ನಿಮಿಷದ ಮೇಲೆ ಚಾನೆಲ್‌ನ ಹೆಸರನ್ನೂ ಬರೆಸಿದರು. ಅಳಿಸಬೇಕೆಂದಿದ್ದ ಹೆಸರನ್ನು ಅಕ್ಷರ ಕೂಡಿಸಿ ಹಾಕಿದವನು ಅಭಿಮನ್ಯುವೇ.

ಒಪ್ಪಿಸಿದ್ದು

ಕೊನೆಗೆ ಕೊಟ್ಟದ್ದು 1920×1080, 25 ಫ್ರೇಮ್‌ನ ಒಂದು ಎಂಪಿ4 ಫೈಲ್, ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ. ಜೊತೆಗೆ ಕ್ಯಾಮೆರಾದ ಮೂಲ ಫೋಲ್ಡರ್, ರಿಸಾಲ್ವ್‌ನ ಪ್ರಾಜೆಕ್ಟ್. ರೀಲ್ಸ್‌ಗೆಂದು ಸಣ್ಣ ತುಣುಕುಗಳನ್ನೂ ಕೇಳಿದ್ದರು. ಬೇರೆ ಆ್ಯಪ್‌ಗಳ ಲೋಗೋ ಎದ್ದು ಕಾಣುವ ರೀಲ್ಸ್‌ಗಳನ್ನು ಹೆಚ್ಚು ಜನರಿಗೆ ತೋರಿಸುವುದಿಲ್ಲ ಎಂದು ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ಆದ್ದರಿಂದ ಗುರುಗಳ ಅರ್ಧ ನಿಮಿಷವನ್ನು ಅಲ್ಲಿಗೆ ಹಾಕುವುದು ಬೇಡ, ಪರದೆಗಷ್ಟೇ ಇರಲಿ ಎಂದು ಅವರೇ ನಿರ್ಧರಿಸಿದರು. ಅಭಿಮನ್ಯು ಮುಂದೆ ಯಾವ ಆ್ಯಪ್ ಬಳಸಲಿ ಎಂದು ಕೇಳಿದ. ಫೋನಿನಲ್ಲೇ ಮಾಡುವುದಾದರೆ ಗೂಗಲ್‌ನ ಯೂಟ್ಯೂಬ್ ಕ್ರಿಯೇಟ್ ಅಥವಾ ಮೆಟಾದ ಎಡಿಟ್ಸ್, ಕಾಲೇಜಿನ ಕಂಪ್ಯೂಟರ್ ಸಿಕ್ಕರೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್. ಯಾವುದೂ ಹೆಸರು ಒತ್ತುವುದಿಲ್ಲ. ಆದರೆ ಹತ್ತು ಸೆಕೆಂಡಿನ ಒಂದು ತುಣುಕು ಹೊರತೆಗೆದು, ನಾಲ್ಕೂ ಮೂಲೆ ಮತ್ತು ಕೊನೆಯನ್ನು ನೋಡಿದ ಮೇಲೆಯೇ ನಲವತ್ತು ನಿಮಿಷಕ್ಕೆ ಕೈ ಹಾಕು ಎಂದೆ. ಆ್ಯಪ್‌ಗಳ ನಿಯಮ ಇಂದಿದ್ದಂತೆ ನಾಳೆ ಇರುವುದಿಲ್ಲ.

ಖರ್ಚಿನ ವಿಷಯ. ನನ್ನ ಸಂಭಾವನೆ, ಡಿಸ್ಕ್, ವಿಡಿಯೋಗ್ರಾಫರ್ ಬಾಕಿ ಎಲ್ಲ ಸೇರಿಸಿ ನೋಡಿದಾಗ, ಆರಂಭದಲ್ಲೇ ಕಟ್ಟಬಹುದಾಗಿದ್ದ ಒಂದು ತಿಂಗಳ ಚಂದಾ ಏನೂ ಅಲ್ಲ ಎಂದು ಲೆಕ್ಕ ಹಿಡಿಯುವ ಧರ್ಮರಾಯರು ಗೊಣಗಿದರು. ಮುಂದಿನ ನಾಟಕದ ವಂತಿಗೆಯಲ್ಲಿ ‘ವಿಡಿಯೋ ಮೂಲ ಪ್ರತಿ’ ಎಂದು ಹೊಸ ಬಾಬತ್ತು ಸೇರಿದೆ: ಕಾರ್ಡಿನ ಪೂರ್ತಿ ನಕಲು ಕೈಗೆ ಬಂದ ದಿನವೇ ವಿಡಿಯೋಗ್ರಾಫರ್‌ಗೆ ಬಾಕಿ ಸಂದಾಯ. ಪರದೆಯ ಮೇಲೆ ನೋಡಿದವರಲ್ಲಿ ಲೋಗೋ ಎಲ್ಲಿ ಹೋಯಿತು ಎಂದು ಒಬ್ಬರೂ ಕೇಳಲಿಲ್ಲ. ಭೀಮನಿಗೆ ಮಾತ್ರ ತಕರಾರಿದೆ. ತಾನು ರಂಗಕ್ಕೆ ಬರುವ ದೃಶ್ಯವನ್ನು ಅಭಿಮನ್ಯು ಮೊದಲೇ ಮೊಟಕು ಮಾಡಿದ್ದಾನೆ, ಅದನ್ನು ನಾನೂ ಹಾಗೆಯೇ ಕಟ್ಟಿದ್ದೇನೆ. ಮೂಲ ಈಗ ತಂಡದ ಬಳಿಯೇ ಇರುವುದರಿಂದ ಆ ಜಗಳವನ್ನು ಅವರಿಬ್ಬರಿಗೆ ಬಿಟ್ಟಿದ್ದೇನೆ.